ಹಾಲಿನ ಹೊಳೆಗೆ ಹೆಪ್ಪು ಹಾಕಿದ ಚಂದಲೆ

ಬಲು ಹಿಂದಿನ ಮಾತು. ಏಳು ಬೆಟ್ಟಗಳಾಚೆ ನೊರೆಗಿರಿ ಎಂಬ ರಾಜ್ಯವಿತ್ತು. ಮಾರಭೂಪ ಅದರ ಅರಸ. ಒಂದು ದಿನ ಶ್ವೇತಾಂಗನೆಂಬ ಮಾಂತ್ರಿಕ ಅಲ್ಲಿಗೆ ಬಂದು, ಊರ ಮೇಲಿನ ಬೆಟ್ಟಕ್ಕೆ ತನ್ನ ಕೋಲು ತಾಗಿಸಿದ. ಬೆಟ್ಟದ ಗವಿಯಿಂದ ಹಾಲಿನ ಹೊಳೆಯೇ ಹರಿದು ಬಂತು.

ಮೊದಲ ವರ್ಷ ಜನ ಹಿಗ್ಗಿ ಹೀರೇಕಾಯಿಯಾದರು. ಮಕ್ಕಳ ಹಲ್ಲು ಗಟ್ಟಿಯಾದವು, ಬಡಕಲು ಮೈಗಳು ತುಂಬಿಕೊಂಡವು. ಆಗ ಮಾಂತ್ರಿಕ ಅರಸನ ಕಿವಿಯೂದಿದ: ಹಾಲೊಂದಿದ್ದರೆ ಸಾಕು, ಉಳಿದ ಊಟವೆಲ್ಲ ದಂಡ. ಅರಸ ಒಪ್ಪಿ ಡಂಗುರ ಹೊಡೆಸಿದ. ಹೊಲಗಳು ಪಾಳುಬಿದ್ದವು, ಒಲೆಗಳು ಆರಿದವು. ಹಾಲು ಒಲ್ಲೆ ಎಂದವರನ್ನು ಮಾಂತ್ರಿಕ ಕೋಲಿನಿಂದ ಮುಟ್ಟಿ, ಕರುವಾಗಿಸಿ ಗವಿಗೆ ಅಟ್ಟುತ್ತಿದ್ದ. ಇನ್ನೊಂದು ವರ್ಷ ಕಳೆಯುವಷ್ಟರಲ್ಲಿ ಜನ ಬಿಳಚಿಕೊಂಡರು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಮಾಂತ್ರಿಕನಿಗೆ ಬೇಕಾದದ್ದೂ ಅದೇ. ನಿತ್ರಾಣಗೊಂಡವರ ಸಿಂಹಾಸನ ಕಸಿಯಲು ಸೈನ್ಯ ಯಾಕೆ?

ಆ ಊರಲ್ಲಿ ಚಂದಲೆ ಎಂಬ ಹುಡುಗಿ ತನ್ನ ಅಣ್ಣ ಬರಮನ ಜೊತೆಗಿದ್ದಳು. ಚಂದಲೆಗೆ ಹಾಲೆಂದರೆ ಪ್ರಾಣ. ಬರಮನಿಗೋ ಒಂದು ಲೋಟ ಹಾಲು ಕುಡಿದರೆ ಹೊಟ್ಟೆ ಉಬ್ಬಿ ಗುಡುಗುತ್ತಿತ್ತು, ಅರ್ಧ ದಿನ ಚೊಂಬು ಹಿಡಿದು ಓಡಾಡಬೇಕಿತ್ತು. ತಂಗಿ ಗುಟ್ಟಾಗಿ ಕಡೆದುಕೊಡುವ ಮಜ್ಜಿಗೆ ಮಾತ್ರ ಅವನಿಗೆ ಒಗ್ಗುತ್ತಿತ್ತು. ಒಂದು ಬೆಳಿಗ್ಗೆ ರಾಜಭಟರು ಹಾಲು ಕುಡಿಸಲು ಬಂದಾಗ ಬರಮ ಲೋಟ ತಳ್ಳಿಬಿಟ್ಟ. ಮಧ್ಯಾಹ್ನದೊಳಗೆ ಅವನು ಕಂದು ಕರುವಾಗಿದ್ದ.

ಚಂದಲೆ ಅತ್ತಳು. ಅತ್ತು ಮುಗಿದ ಮೇಲೆ ದಾರಿಗೆಂದು ಒಂದು ತಂಬಿಗೆ ಹಾಲು, ಅಣ್ಣನಿಗೆಂದು ಬಚ್ಚಿಟ್ಟಿದ್ದ ಹಳೆಯ ರಾಗಿಯಲ್ಲಿ ಗುಟ್ಟಾಗಿ ಮಾಡಿದ ಮುದ್ದೆ, ಹಿತ್ತಲ ನುಗ್ಗೆಸೊಪ್ಪಿನ ಪಲ್ಯ, ಒಂದು ಗಡಿಗೆ ಮಜ್ಜಿಗೆ ಕಟ್ಟಿಕೊಂಡು ಬೆಟ್ಟ ಹತ್ತಿದಳು.

ಮೊದಲ ತಿರುವಿನಲ್ಲಿ ಬೆಳ್ಳಿಕೊಂಬಿನ ಸಾರಂಗವೊಂದು ದಾರಿಗೆ ಅಡ್ಡ ನಿಂತಿತ್ತು. ಹಾಯಲು ಬಂದರೆ ಅದರ ಕಾಲೇ ಬಾಗಿತು. ಮಾಂತ್ರಿಕ ತನಗೆ ಒಣ ಹೊಟ್ಟಲ್ಲದೆ ಬೇರೇನೂ ಹಾಕುವುದಿಲ್ಲ, ಮೂಳೆಗಳು ಸೊರಗಿವೆ ಎಂದು ಅದು ನರಳಿತು. ಚಂದಲೆ ತನ್ನ ಪಾಲಿನ ಹಾಲು ಕುಡಿಸಿದಳು. ಮೂಳೆ ಗಟ್ಟಿಯಾಗಲು ತಿಂಗಳುಗಟ್ಟಲೆ ಹಿಡಿಯುವ ಕೆಲಸ ಆ ಮಾಯದ ಬೆಟ್ಟದಲ್ಲಿ ಗಳಿಗೆಯಲ್ಲಾಯಿತು. ಸಾರಂಗ ನೆಟ್ಟಗೆ ನಿಂತು ದಾರಿ ಬಿಟ್ಟಿತು.

ಎರಡನೆಯ ತಿರುವಿನಲ್ಲಿ ಬಿಳಿಯಾನೆ. ಮೈಯಷ್ಟೇ ಅಲ್ಲ, ನಾಲಿಗೆಯೂ ಬಿಳಿ. ಸೊಂಡಿಲೆತ್ತಲು ಹೋಗಿ ಸುಸ್ತಾಗಿ ಕುಸಿಯಿತು. ಎರಡು ವರ್ಷದಿಂದ ಅದಕ್ಕೆ ಬರೀ ಹಾಲು. ಹೊಟ್ಟೆಯೇನೋ ತುಂಬುತ್ತದೆ, ಆದರೆ ಮೈಗೆ ರಕ್ತ ಬರುವುದಿಲ್ಲ ಎಂದು ಚಂದಲೆಗೆ ಊರ ಮಕ್ಕಳನ್ನು ಕಂಡೇ ಗೊತ್ತಿತ್ತು. ಮುದ್ದೆ, ಸೊಪ್ಪಿನ ಪಲ್ಯ ಎರಡನ್ನೂ ಅದರ ಬಾಯಿಗಿಟ್ಟಳು. ಆನೆಯ ಕಿವಿಯ ಅಂಚು ಕೆಂಪೇರಿತು. ಅದು ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಗವಿಯವರೆಗೆ ಬಿಟ್ಟಿತು.

ಗವಿಯ ಬಾಗಿಲಲ್ಲಿ ಕೆಂಡಗಣ್ಣಿನ ಕರಡಿ. ಅದರ ಗರ್ಜನೆ ಗಂಟಲಿಂದಲ್ಲ, ಹೊಟ್ಟೆಯಿಂದ ಬರುತ್ತಿತ್ತು. ಆ ಸದ್ದು ಚಂದಲೆಗೆ ಚೆನ್ನಾಗಿ ಪರಿಚಯ.

"ನಿನಗೂ ಹಾಲು ಒಗ್ಗುವುದಿಲ್ಲವೇ ಕರಡಿಯಣ್ಣ? ಇನ್ನು ಹಾಲು ಮುಟ್ಟಬೇಡ. ಇದನ್ನು ನಿಧಾನವಾಗಿ ಕುಡಿ" ಎಂದು ಗಡಿಗೆ ಮುಂದಿಟ್ಟಳು.

ಕರಡಿ ಮಜ್ಜಿಗೆ ಕುಡಿದು ಮಗ್ಗುಲಾಯಿತು. ಸ್ವಲ್ಪ ಹೊತ್ತಿಗೆ ಗುಡುಗು ನಿಂತಿತು. ಆಗ ಅದು ಅವಳ ಕಿವಿಯಲ್ಲಿ ಗುಟ್ಟು ಹೇಳಿತು. ಒಳಗೊಂದು ಕೊಪ್ಪರಿಗೆಯಿದೆ. ಹಾಲಿನ ಹೊಳೆ ಹುಟ್ಟುವುದು ಅಲ್ಲೇ, ಮಾಂತ್ರಿಕನ ಶಕ್ತಿಯೆಲ್ಲ ಇರುವುದೂ ಅಲ್ಲೇ. ಆ ಹಾಲು ಹೆಪ್ಪುಗಟ್ಟಿದ ಗಳಿಗೆಯೇ ಮಾಯೆ ಮುಗಿಯುತ್ತದೆ.

ಗಡಿಗೆಯ ತಳದಲ್ಲಿ ಒಂದು ಗುಟುಕು ಮಜ್ಜಿಗೆ ಉಳಿದಿತ್ತು. ಅದನ್ನು ಹಿಡಿದು ಚಂದಲೆ ಒಳಹೊಕ್ಕಳು. ಮಾಂತ್ರಿಕ ಕೋಲೆತ್ತಿದ.

"ಹಾಲು ಅಮೃತವೆನ್ನು, ನಿನ್ನನ್ನು ಬಿಟ್ಟುಬಿಡುತ್ತೇನೆ" ಎಂದ.

"ನನಗೆ ಅಮೃತವೇ. ನಮ್ಮಣ್ಣನಿಗಲ್ಲ" ಎಂದಳು ಚಂದಲೆ. ಅವನು ಕೋಲು ಬೀಸುವ ಮೊದಲೇ ಮಜ್ಜಿಗೆಯನ್ನು ನೇರವಾಗಿ ಕೊಪ್ಪರಿಗೆಗೆ ಸುರಿದಳು.

ಕೊಪ್ಪರಿಗೆ ಗಪ್ಪನೆ ಹೆಪ್ಪುಗಟ್ಟಿತು. ಹೊಳೆ ಗವಿಯಿಂದ ಊರವರೆಗೂ ಗಟ್ಟಿ ಮೊಸರಾಗಿ ನಿಂತಿತು. ಮಾಂತ್ರಿಕನ ಕೋಲು ಪುಡಿಪುಡಿಯಾಯಿತು. ಅವನು ಬೆಳ್ಳಕ್ಕಿಯಾಗಿ ಹಾರಿಹೋದವನು ಮತ್ತೆ ಆ ಸೀಮೆಯಲ್ಲಿ ಕಾಣಲಿಲ್ಲ. ಗವಿಯ ಕರುಗಳೆಲ್ಲ ಮನುಷ್ಯರಾದರು. ಬರಮ ತಂಗಿಯನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಇಳಿದ.

ಮಾರಭೂಪ ತಲೆತಗ್ಗಿಸಿ ಎದುರು ಬಂದ. ಹಾಗಾದರೆ ಹಾಲು ಒಳ್ಳೆಯದೋ ಕೆಟ್ಟದ್ದೋ ಎಂದು ಚಂದಲೆಯನ್ನು ಕೇಳಿದ.

"ಒಳ್ಳೆಯದೇ, ಮಹಾಪ್ರಭು. ಊಟದ ಜೊತೆಗೆ ಹಾಲಿರಲಿ, ಹಾಲೇ ಊಟವಾಗುವುದು ಬೇಡ. ಒಗ್ಗದವರ ಬಾಯಿಗೆ ಯಾರೂ ಲೋಟ ಹಿಡಿಯುವುದೂ ಬೇಡ."

ಅರಸ ಅಂದೇ ಹಳೆಯ ಆಜ್ಞೆಯನ್ನು ಹರಿದುಹಾಕಿ, ತಾನೇ ನೇಗಿಲು ಹಿಡಿದು ಮೊದಲ ಸಾಲು ಉತ್ತ. ಹೊಸ ರಾಗಿ ಮನೆಗೆ ಬಂದ ದಿನ ಊರಿಗೆ ಊರೇ ಅರಮನೆಯ ಅಂಗಳದಲ್ಲಿ ಪಂಕ್ತಿ ಕೂತಿತು. ಹಾಲುಪಾಯಸ ಬಂದಾಗ ಬರಮ ಎಲೆಗೆ ಕೈ ಅಡ್ಡ ಹಿಡಿದು ನಕ್ಕ. ಬಡಿಸುತ್ತಿದ್ದ ರಾಣಿಯೂ ನಕ್ಕು, ಅವನ ಪಾಲನ್ನೂ ಚಂದಲೆಯ ಎಲೆಗೇ ಬಡಿಸಿದಳು.

ನೊರೆಗಿರಿಯವರು ಹೀಗೆ ಉಂಡುಟ್ಟು ನೂರು ಕಾಲ ಸುಖವಾಗಿ ಬಾಳಿದರು. ಕತೆ ಕೇಳಿದವರ ಹೊಟ್ಟೆಯೂ ತಣ್ಣಗಿರಲಿ.