ಬೆರಳು ನೋಡ್ರಿ, ನನ್ನನ್ನಲ್ಲ

"ಇದನ್ನ ಬರ್ದಿದ್ದು ಯಾರು?"

ಅನಸೂಯ ಕೇಳಿದ್ದು ಮೆಲ್ಲಗೇ. ಆದರೂ ಕ್ಲಾಸಿನ ಬಾಗಿಲ ಬಳಿ ನಿಂತಿದ್ದ ತಿಮ್ಮರಾಜುವಿನ ಕಿವಿ ಕೆಂಪಾಯಿತು. ತೆರೆಯ ಮೇಲಿದ್ದ ಅವಳ ಹಾವಿನ ಚಿತ್ರದ ತುಂಬಾ ಇರುವೆ ಮುತ್ತಿದಂತೆ ಅಕ್ಷರ!

ಸಿರಾದ ಆ ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರ್ ಅನಸೂಯಳ ಪಾಠ ಅಂದರೆ ಇಪ್ಪತ್ತೇ ಚಿತ್ರ, ಒಂದೊಂದಕ್ಕೆ ಇಪ್ಪತ್ತೇ ಸೆಕೆಂಡು, ಅಕ್ಷರ ಒಂದೂ ಇಲ್ಲ. ಹುಡುಗರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ವಿಭಾಗದ ಮುಖ್ಯಸ್ಥ ಬಸವಲಿಂಗಯ್ಯನವರಿಗೆ ಮಾತ್ರ ಮೈಯೆಲ್ಲ ಉರಿ. "ಇದೇನು ಟಾಕೀಸಾ? ನಾಳೆ ನಾನೇ ಬಂದು ಕೂರ್ತೀನಿ. ಹಿಡಿಸದಿದ್ರೆ ನಿಮ್ಮ ಕ್ಲಾಸು ತಿಮ್ಮರಾಜುಗೆ" ಅಂತ ನಿನ್ನೆ ಹೇಳಿದ್ದರು.

ಪಾವಗಡದ ಡಾಕ್ಟರ್ ತಿಮ್ಮರಾಜು ಅದೇ ವಿಭಾಗದಲ್ಲಿ ಪಾಠ ಮಾಡುವವನು, ಅವಳಿಗೆ ಆ ಫೋಟೋಗಳನ್ನೆಲ್ಲ ತೆಗೆದುಕೊಟ್ಟವನು. "ಸಾರ್ ಬಯ್ತಾರೆ ಅಂತ ಭಯ ಆತು ಕಣ್ರೀ. ಅದಕ್ಕೇ ಬರ್ದ್ಬುಟ್ಟೆ" ಅಂದ.

"ಭಯ ನಿಮ್ದು, ಚಿತ್ರ ನಂದು!" ಅಂದವಳೇ ಪ್ರೊಜೆಕ್ಟರ್ ಆರಿಸಿಬಿಟ್ಟಳು. ಮುಂದಿನ ಸಾಲಿನಲ್ಲಿ ಬಸವಲಿಂಗಯ್ಯ ಕೆಮ್ಮಿದರು. ಕೆಮ್ಮಲಿ!

"ಬನ್ನಿ ತಿಮ್ಮರಾಜು, ಕೂತ್ಕೊಳ್ಳಿ. ಇವತ್ತು ನೀವೇ ಚಿತ್ರ."

ಅವನು ಸ್ಟೂಲಿನ ಮೇಲೆ ಕೂತ. ಅವಳು ಅವನ ಹಣೆಯ ಮೇಲಕ್ಕೆ ಬೆರಳೆತ್ತಿದಳು. "ಇವರಿಗೆ ನಾಗರಹಾವು ಕಚ್ಚಿದೆ ಅಂತ ಇಟ್ಕೊಳ್ಳಿ. ವಿಷ ಏರ್ತಿದ್ರೆ ಕಣ್ಣುರೆಪ್ಪೆ ಮೇಲೆ ನಿಲ್ಲಲ್ಲ. ತಿಮ್ಮರಾಜು, ಬೆರಳನ್ನೇ ನೋಡ್ತಿರಿ."

ಅವನು ಬೆರಳು ಬಿಟ್ಟು ಅವಳನ್ನೇ ನೋಡಿದ.

"ಬೆರಳು ನೋಡ್ರಿ, ನನ್ನನ್ನಲ್ಲ!"

ಕ್ಲಾಸು ಗೊಳ್ಳೆಂದಿತು. ಅವಳ ಕೆನ್ನೆ ಬಿಸಿಯಾಯಿತು, ಬೆರಳು ಮಾತ್ರ ಅಲುಗಲಿಲ್ಲ. ಅವನ ರೆಪ್ಪೆ ಮೆಲ್ಲಮೆಲ್ಲಗೆ ಇಳಿಯಿತು. ನಾಟಕ ಅಂತ ಗೊತ್ತಿದ್ದೂ ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

ಬಸವಲಿಂಗಯ್ಯ ಎದ್ದು ಕೊನೇ ಬೆಂಚಿನ ಹುಡುಗನಿಗೆ ಕೈ ತೋರಿಸಿದರು. "ಏಯ್, ಹಾವು ಕಚ್ಚಿದವರು ಬಂದ್ರೆ ನೀನೇನು ನೋಡ್ತೀಯ?"

"ರೆಪ್ಪೆ ಸಾರ್! ಮೇಲೆ ನೋಡು ಅಂತೀನಿ. ಇಳೀತಾ ಬಂದ್ರೆ ತಡ ಮಾಡದೆ ವಿಷಕ್ಕೆ ಇಂಜೆಕ್ಷನ್ನು, ಉಸಿರಿನ ಮೇಲೂ ಒಂದು ಕಣ್ಣು!"

"ಹ್ಞೂಂ. ನಾಳೆಯಿಂದ ಚಿತ್ರದ ಮೇಲೆ ಒಂದೆರಡು ಸಾಲಾದ್ರೂ ಇರ್ಲಿ" ಅಂದರು ಬಸವಲಿಂಗಯ್ಯ.

"ನಾಳೆನೂ ಚಿತ್ರಾನೇ ಸಾರ್" ಅಂದಳು ಅನಸೂಯ.

ಅವರು ಅವಳನ್ನು ದುರುಗುಟ್ಟಿ ನೋಡಿದರು. "ಹಟಮಾರಿ! ಕ್ಲಾಸು ನೀವೇ ಇಟ್ಕೊಳ್ಳಿ" ಅನ್ನುತ್ತ ಹೊರಟುಹೋದರು.

ಕಾರಿಡಾರಿನಲ್ಲಿ ಅವಳು ತಿಮ್ಮರಾಜುವನ್ನು ಅಡ್ಡಹಾಕಿದಳು. "ಕ್ಲಾಸು ನಿಮಗೇ ಸಿಗ್ತಿತ್ತಲ್ಲ, ನಿಮಗ್ಯಾಕೆ ಭಯ?"

"ನೀವು ಬೇಜಾರಾಗಿ ಕೆಲ್ಸ ಬಿಟ್ಟು ಹೋಗ್ಬುಟ್ರೆ ನಾನೇನ್ ಮಾಡ್ಲಿ?" ಅಂದ ಗೋಡೆ ನೋಡುತ್ತ.

"ಈಗ ಬೆರಳಿಲ್ಲ. ನನ್ನನ್ನೇ ನೋಡಿ ಹೇಳಿ."

ಅವನು ನೋಡಿದ. "ನೀವಂದ್ರೆ ನಂಗೆ ಪ್ರಾಣ ಅನಸೂಯ. ಇನ್ಮೇಲೆ ನಿಮ್ಮ ಚಿತ್ರದ ಮೇಲೆ ಒಂದಕ್ಷರಾನೂ ಬರೆಯಲ್ಲ."

"ಬರೆದ್ರೆ ಕೈ ಮುರೀತೀನಿ" ಅಂದು ಅದೇ ಕೈಯನ್ನು ಹಿಡಿದುಕೊಂಡಳು.

ಎದುರಿಗೆ ಬಸವಲಿಂಗಯ್ಯ ಬರುತ್ತಿದ್ದರು. ಅವನು ಕೈ ಎಳೆದುಕೊಳ್ಳಹೋದ. ಅವಳು ಬಿಡಲಿಲ್ಲ.