ಮಹಡಿಯ ಮೇಲೆ ಉಲ್ಟಾ ಓಡಿದ ರೈಲು

ಸಿಗ್ನಲ್ ತಾತ ಸತ್ತು ಬಿದ್ದಿದ್ದ. ಅವನ ರೈಲು ಮಾತ್ರ ಓಡುತ್ತಲೇ ಇತ್ತು.

ಮಹಡಿ ಕೋಣೆಯ ಬಾಗಿಲಲ್ಲಿ ನಿಂತ ಇನ್ಸ್‌ಪೆಕ್ಟರ್‌ಗೆ ಮೊದಲು ಕಂಡಿದ್ದೂ ರೈಲೇ. ಕೋಣೆ ತುಂಬ ಒಂದು ದೊಡ್ಡ ಹಲಗೆಯ ಮೇಜು. ಅದರ ಮೇಲೆ ಹಳಿ, ಸುರಂಗ, ಸೇತುವೆ, ಬೆರಳುದ್ದದ ಸಿಗ್ನಲ್ ಕಂಬಗಳು, ಪುಟ್ಟದೊಂದು ಸ್ಟೇಷನ್ನು. ಪ್ಲಾಟ್‌ಫಾರ್ಮ್ ಮೇಲೆ ಗಾಡಿ ಕಾಯುತ್ತಾ ನಿಂತ ಗೊಂಬೆ ಜನ. ಅವರ ಮೇಲೆಲ್ಲ ರಕ್ತ ಸಿಡಿದಿತ್ತು. ಬೋಗಿಗಳು ಮುಂದೆ, ಎಂಜಿನ್ನು ಹಿಂದೆ, ಗಾಡಿ ಬಾಲಕ್ಕೆ ಬೆಂಕಿ ಬಿದ್ದ ಬೆಕ್ಕಿನ ಹಾಗೆ ಸುತ್ತು ಹೊಡೆಯುತ್ತಿತ್ತು. ಸ್ಟೇಷನ್ ದಾಟಿದಾಗಲೆಲ್ಲ ಚಕ್ರಗಳು ರಕ್ತ ತುಳಿದು ಹಳಿಯುದ್ದಕ್ಕೂ ಒಯ್ಯುತ್ತಿದ್ದವು.

ತಾತ ಮೇಜಿನ ಅಡಿಯಿಂದ ಅರ್ಧ ಹೊರಗೆ ಬಂದು ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದು ಒಳಕ್ಕೆ ಕುಸಿದಿತ್ತು. ಬಲಗೈ ಬೆರಳುಗಳು ಮುರಿದು ದಿಕ್ಕಿಗೊಂದಾಗಿದ್ದವು. ಮೊದಲ ಪೆಟ್ಟು ಬಿದ್ದಾಗ ಪಾಪ, ಕೈ ಅಡ್ಡ ಹಿಡಿದಿದ್ದಾನೆ. ಹೊಡೆದವನು ಕೈಯ ಮೇಲೂ ಹೊಡೆದಿದ್ದಾನೆ, ಕೈ ಜಾರಿದ ಮೇಲೂ ಹೊಡೆದಿದ್ದಾನೆ. ಪಕ್ಕದಲ್ಲೇ ಗೇಣುದ್ದದ ಕಬ್ಬಿಣದ ತುಂಡು. ಆಟಿಕೆಯದಲ್ಲ, ನಿಜವಾದ ರೈಲು ಹಳಿಯದು. ತಗಡು ಬಡಿಯುವಾಗ ಅಡಿಗಿಡೋಕೆ ತಾತ ಇಟ್ಟುಕೊಂಡಿದ್ದು. ಅದಕ್ಕೀಗ ಬಿಳಿ ಕೂದಲು ಮೆತ್ತಿಕೊಂಡಿತ್ತು.

ಜೊತೆಗೆ ಬಂದಿದ್ದ ಪೇದೆ ಬಾಯಿ ಮುಚ್ಚಿಕೊಂಡು ಹೊರಗೋಡಿದ. ಕಕ್ಕುವುದಾದರೆ ಬೀದಿಗೆ ಹೋಗಿ ಕಕ್ಕು, ಇಲ್ಲಿ ಸಾಕ್ಷಿ ಕೆಡಿಸಬೇಡ ಅಂತ ಇನ್ಸ್‌ಪೆಕ್ಟರ್ ಹಿಂದಿನಿಂದ ಕೂಗಿ ಹೇಳಿದಳು. ಠಾಣೆಯಲ್ಲಿ ಆಕೆಯ ಬೆನ್ನ ಹಿಂದೆ ಇಟ್ಟ ಹೆಸರು ಗರಗಸಮ್ಮ. ಒಮ್ಮೆ ಹಲ್ಲು ಊರಿದರೆ ಮರ ಎರಡು ಹೋಳಾಗುವ ತನಕ ಬಿಡುವವಳಲ್ಲ. ಹೆಸರು ಆಕೆಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

ಫೋಟೋ ತೆಗೆಸಿ ಆದ ಮೇಲೆ ಗೋಡೆಯ ಪ್ಲಗ್ ಕೀಳಿಸಿದಳು. ರೈಲು ನಿಂತಿತು. ಆಗ ಕೆಳಗಿನ ಮನೆಯಿಂದ ಒಬ್ಬ ಹೆಂಗಸು ಅಳುವುದು ಕೇಳಿಸಿತು.

* * *

ಕೊಲೆಗಾರ ಆಗಲೇ ಸಿಕ್ಕಿಬಿದ್ದಿದ್ದ. ಬೀದಿಯವರೆಲ್ಲ ಹಾಗಂತ ತೀರ್ಮಾನ ಮಾಡಿ ಆಗಿತ್ತು.

ಅವನೂ ತಾತನ ವಯಸ್ಸಿನವನೇ, ರೈಲು ಓಡಿಸಿ ನಿವೃತ್ತನಾದ ಡ್ರೈವರಪ್ಪ. ದಿನಾ ಸಂಜೆ ಹೊರಗಿನ ಮೆಟ್ಟಿಲು ಹತ್ತಿ ತಾತನ ಕೋಣೆಗೆ ಬರುವುದು, ಇಬ್ಬರೂ ಸೇರಿ ಪುಟ್ಟ ಗಾಡಿ ಓಡಿಸುವುದು, ಜಗಳವಾಡುವುದು. ಇವತ್ತೂ ಹಾಗೇ ಬಂದ. ಬಂದವನು ಕಿರುಚಿದ. ಕೆಳಗಿನ ಮನೆಯಲ್ಲಿದ್ದ ತಾತನ ಅಳಿಯ ಓಡಿ ಹೋಗಿ ನೋಡಿದರೆ ಡ್ರೈವರಪ್ಪನ ಕೈಯಲ್ಲಿ ರಕ್ತ, ಮಡಿಲಲ್ಲಿ ತಾತನ ತಲೆ. ಅಳಿಯ ಅವನ ಕೂದಲು ಹಿಡಿದು ಮೆಟ್ಟಿಲ ಮೇಲೆ ದರದರ ಎಳೆದು ತಂದ. ಬೂಟುಗಾಲಲ್ಲಿ ದವಡೆಗೆ ಒದ್ದ. ಹಲ್ಲು ಉದುರಿದವು. ಬೀದಿಯ ಜನ ಸೇರಿ ಇನ್ನಷ್ಟು ತುಳಿದರು. ಪೊಲೀಸರು ಬರುವುದು ಸ್ವಲ್ಪ ತಡವಾಗಿದ್ದರೂ ಎರಡನೇ ಹೆಣ ಬೀಳುತ್ತಿತ್ತು.

ಸಾಕ್ಷಿ ಹೇಳೋಕೆ ಜನ ನಾ ಮುಂದು ತಾ ಮುಂದು ಅಂತ ಬಂದರು. ಹಿಂದೆ ನೌಕರಿಯಲ್ಲಿದ್ದಾಗ ಡ್ರೈವರಪ್ಪ ಕೆಂಪು ದೀಪ ದಾಟಿ ಗಾಡಿ ನುಗ್ಗಿಸಿದ್ದ, ಆಗ ಸಿಗ್ನಲ್ ನೋಡಿಕೊಳ್ಳುತ್ತಿದ್ದ ತಾತ ಅದನ್ನು ಮೇಲಿನವರಿಗೆ ವರದಿ ಮಾಡಿದ್ದ. ಆಮೇಲೆ ಡ್ರೈವರಪ್ಪನಿಗೆ ದೊಡ್ಡ ಗಾಡಿ ಸಿಗಲೇ ಇಲ್ಲ, ಯಾರ್ಡಿನಲ್ಲಿ ಬೋಗಿ ತಳ್ಳುತ್ತಲೇ ನಿವೃತ್ತನಾದ. ಮೊನ್ನೆ ತಾನೇ "ನಿನ್ನ ತಲೆ ಒಡೀತೀನಿ" ಅಂತ ಕೂಗಾಡಿದ್ದು ಎದುರು ಮನೆಗೂ ಕೇಳಿಸಿತ್ತು. ಹಾವು ಮುಂಗುಸಿ ಮೇಡಂ ಅವರಿಬ್ಬರೂ, ಅಂದರು ಎಲ್ಲರೂ.

ಕೆಳಗಿನ ಮನೆಯ ಮುಂದಿನ ಕೋಣೆಯಲ್ಲಿ ತಾತನ ಮಗಳು ಗೋಡೆಗೆ ಒರಗಿ ಕೂತಿದ್ದಳು. ಅವಳ ಹತ್ತಿರಕ್ಕೇ ಕುರ್ಚಿ ಎಳೆದುಕೊಂಡು ಗಂಡ ಕೂತಿದ್ದ. ಮನೆಗಳಿಗೆ ವೈರಿಂಗ್ ಮಾಡಿಸುವ ಕಂಟ್ರಾಕ್ಟರು, ಒಳ್ಳೆ ಮಾತುಗಾರ. ಅಂಗಿಯ ತುಂಬ ರಕ್ತ. ಆ ಮುದುಕನನ್ನು ಹಿಡಿದು ಎಳೆದಾಗ ಆಗಿದ್ದು ಅಂದ. ಕೇಳಿದ್ದಕ್ಕೆಲ್ಲ ಅವನೇ ಉತ್ತರ ಕೊಟ್ಟ.

ಗಂಡಹೆಂಡಿರ ನಡುವೆ ಸಣ್ಣಪುಟ್ಟ ಮನಸ್ತಾಪವಾಗಿ ಇವಳು ತವರಿಗೆ ಬಂದು ಕೂತಿದ್ದಳಂತೆ. ಇವತ್ತು ಮಧ್ಯಾಹ್ನ ತಾನು ಬಂದು ಮಾವನ ಹತ್ತಿರ ಒಳ್ಳೆ ಮಾತಾಡಿ ಇಳಿದು ಬಂದನಂತೆ. ಆಮೇಲೆ ಡ್ರೈವರಪ್ಪ ಕಿರುಚುವ ತನಕ ಇಬ್ಬರೂ ಇದೇ ಕೋಣೆಯಲ್ಲಿ ಕೂತು ಮಾತಾಡುತ್ತಿದ್ದರಂತೆ.

"ಅಷ್ಟೂ ಹೊತ್ತು ಮೇಲೆ ರೈಲು ಓಡ್ತಿತ್ತು ಮೇಡಂ. ಮಾವ ಆಟ ಆಡ್ತಿದಾರೆ ಅಂದ್ಕೊಂಡ್ವಿ. ಅಲ್ವೇನೇ?"

ಮಗಳು ತಲೆ ಎತ್ತದೆ ಹೂಂ ಅಂದಳು. ಹೌದು, ಕೇಳಿಸುತ್ತಿತ್ತು.

ಅವಳ ಎಡಗೈ ಮಣಿಕಟ್ಟು ಸೊಟ್ಟಗಿತ್ತು. ಮುರಿದ ಮೂಳೆ ನೆಟ್ಟಗೆ ಕೂಡಿರಲಿಲ್ಲ. ಗರಗಸಮ್ಮ ಅದನ್ನು ನೋಡಿದಳು. ತಾನು ನೋಡಿದ್ದನ್ನು ಅವಳ ಗಂಡ ಗಮನಿಸಿದ್ದನ್ನೂ ನೋಡಿದಳು. ಬಚ್ಚಲಲ್ಲಿ ಜಾರಿ ಬಿದ್ದಿದ್ದು ಮೇಡಂ, ಅಂದ ಅವನು, ಯಾರೂ ಕೇಳದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಒಬ್ಬ.

ಕೊನೆಗೆ ಅವನೇ ಕೇಳಿದ, ಶವದ ಕೆಲಸ ಎಲ್ಲ ಮುಗಿಸಿ ನಾಳೆ ಇವಳನ್ನು ನಮ್ಮ ಮನೆಗೆ ಕರೆದುಕೊಂಡು ಹೋಗಬಹುದಲ್ಲ? ಇಲ್ಲಿ ಇನ್ನು ಇವಳಿಗೆ ಯಾರಿದ್ದಾರೆ?

ಮಗಳ ಅಳು ತಟ್ಟನೆ ನಿಂತಿತು. ಅವಳ ಮೈ ಮರಗಟ್ಟಿದ್ದು ಕಣ್ಣಿಗೆ ಕಾಣಿಸಿತು. ಅಪ್ಪ ಸತ್ತ ದುಃಖ ಬೇರೆ, ಈ ಭಯ ಬೇರೆ. ಗರಗಸಮ್ಮನ ಅನುಮಾನ ಗಟ್ಟಿಯಾಯಿತು. ಆದರೆ ಅನುಮಾನಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ. ಅಳಿಯ ಕೆಳಗಿದ್ದಾಗ ಮಾವ ಮೇಲೆ ಬದುಕಿದ್ದ ಅಂತ ರೈಲೇ ಸಾಕ್ಷಿ ಹೇಳುತ್ತಿತ್ತು.

* * *

ಶವದ ಜೇಬಿನಿಂದ ಸಿಕ್ಕಿದ್ದು ಒಂದು ಕನ್ನಡಕದ ಪೆಟ್ಟಿಗೆ, ಒಂದು ಕರವಸ್ತ್ರ, ಒಂದು ಪುಟ್ಟ ಕೀ. ಕೀ ಅಂಗಿಯ ಎದೆಯ ಜೇಬಿನಲ್ಲಿತ್ತು, ರಕ್ತ ಹೆಪ್ಪುಗಟ್ಟಿ ಬಟ್ಟೆಗೆ ಅಂಟಿಕೊಂಡಿತ್ತು. ಮನೆಯ ಯಾವ ಬೀಗಕ್ಕೂ ಅದು ಕೂರಲಿಲ್ಲ. ಗರಗಸಮ್ಮ ಅದನ್ನು ಹಿಡಿದುಕೊಂಡು ಆಸ್ಪತ್ರೆಗೆ ಹೋದಳು.

ಬಡವನ ಕೋಪ ದವಡೆಗೆ ಮೂಲ ಅಂತಾರೆ. ಡ್ರೈವರಪ್ಪನ ದವಡೆ ಒಡೆದಿದ್ದು ಮಾತ್ರ ಇನ್ನೊಬ್ಬನ ಕೋಪಕ್ಕೆ. ಮುಖ ಊದಿ ಕುಂಬಳಕಾಯಿ ಆಗಿತ್ತು. ಕೈಗೂ ಮಂಚದ ಸರಳಿಗೂ ಬೇಡಿ. ಒಂದೊಂದು ಮಾತಿಗೂ ಬಾಯಿಯಿಂದ ರಕ್ತದ ಜೊಲ್ಲು ಇಳಿಯುತ್ತಿತ್ತು. ಆದರೂ ಮುದುಕ ತಾನು ಕೊಂದಿಲ್ಲ ಅಂತ ಹೇಳುವ ಮೊದಲು ಹೇಳಿದ್ದು ಬೇರೆಯೇ.

"ತಾಯೀ, ಗಾಡಿ ಉಲ್ಟಾ ಓಡ್ತಿತ್ತು."

ಎಂಜಿನ್ನು ಬೋಗಿಗಳನ್ನು ಹಿಂದಿನಿಂದ ತಳ್ಳುತ್ತಿದ್ದುದು ಆಕೆಗೂ ನೆನಪಿತ್ತು. ಆಟದ ರೈಲು ತಾನೇ, ಹಿಂದಕ್ಕೂ ಓಡುತ್ತದೆ ಅಂದುಕೊಂಡಿದ್ದಳು. ಆದರೆ ಡ್ರೈವರಪ್ಪ ಮಂಚದಿಂದ ಎದ್ದೇಬಿಡುವವನ ಹಾಗೆ ಮಿಸುಕಾಡಿದ. ಯಾರ್ಡಿನಲ್ಲಿ ಬೋಗಿ ತಳ್ಳುವುದು ಬೇರೆ, ಮುಖ್ಯ ಹಳಿಯಲ್ಲಿ ಪ್ರಯಾಣಿಕರ ಗಾಡಿಯನ್ನು ಹಿಂದುಮುಂದಾಗಿ ಅಷ್ಟು ವೇಗದಲ್ಲಿ ಓಡಿಸುವುದು ಬೇರೆ. ಹಾಗೆ ಓಡಿಸೋಕೆ ತಾತ ತನ್ನ ಹೆಣ ಬೀಳುವ ತನಕ ಬಿಡುತ್ತಿರಲಿಲ್ಲವಂತೆ. ಮಾತು ಬಾಯಿಂದ ಬಿದ್ದ ಮೇಲೆ ಏನಂದೆ ಅಂತ ಅರಿವಾಗಿ ಮುದುಕ ಗೊಳೋ ಅಂತ ಅತ್ತ.

ಅಷ್ಟು ದ್ವೇಷವಿದ್ದೂ ದಿನಾ ಯಾಕೆ ಹೋಗುತ್ತಿದ್ದೆ ಅಂತ ಕೇಳಿದಳು.

"ಜಗಳ ಇನ್ನೂ ಮುಗಿದಿರ್ಲಿಲ್ಲ ತಾಯಿ. ಮುಗಿದಿದ್ರೆ ಯಾಕೆ ಹೋಗ್ತಿದ್ದೆ?"

ತಲೆ ಒಡೀತೀನಿ ಅಂದಿದ್ದು ಆಟದ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಎಡಕ್ಕೋ ಬಲಕ್ಕೋ ಅನ್ನುವ ಜಗಳಕ್ಕಂತೆ. ಗರಗಸಮ್ಮನಿಗೆ ನಗು ಬಂತು, ನುಂಗಿಕೊಂಡು ಕೀ ತೋರಿಸಿದಳು. ಇದು ಎಲ್ಲಿ ಸಿಕ್ತು ಅಂದ. ಜೇಬಲ್ಲಿ ಅಂದಳು.

ಡ್ರೈವರಪ್ಪ ನಿಧಾನಕ್ಕೆ ಬಿಡಿಸಿ ಹೇಳಿದ. ಹಳಿಗೆ ಕರೆಂಟು ಕೊಡುವ ಸ್ವಿಚ್ಚಿಗೆ ತಾತ ಬೀಗ ಮಾಡಿಟ್ಟಿದ್ದ. ವೈರು ಜೋಡಿಸೋಕೆ ಮೇಜಿನ ಅಡಿ ನುಗ್ಗುವ ಮೊದಲು ಬೀಗ ತಿರುಗಿಸಿ ಕರೆಂಟು ಕಡಿದು, ಕೀ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಆಟದ ಕರೆಂಟು ಇರುವೆಯನ್ನೂ ಕೊಲ್ಲುವುದಿಲ್ಲ, ಅದು ಅವನಿಗೂ ಗೊತ್ತು. ಆದರೆ ಹಳಿಯ ಮೇಲೆ ಮನುಷ್ಯ ಕೆಲಸದಲ್ಲಿರುವಾಗ ಗಾಡಿ ಬಿಡುವ ಕೀ ಅವನ ಕೈಯಲ್ಲೇ ಇರಬೇಕು. ನಲವತ್ತು ವರ್ಷ ಹಾಗೆ ದುಡಿದವನು ಮನೆಯಲ್ಲಿ ಬೇರೆ ಥರ ಮಾಡುತ್ತಾನೆಯೇ? ಕೀ ಜೇಬಿನಲ್ಲಿದ್ದರೆ ಗಾಡಿ ನಿಂತಿದೆ ಅಂತಲೇ ಅರ್ಥ.

ಗರಗಸಮ್ಮ ಬೇಡಿ ಬಿಚ್ಚಿಸಿದಳು. ಹೊರಡುವಾಗ ಮುದುಕನ ಭುಜ ಮೆತ್ತಗೆ ಒತ್ತಿದಳು.

* * *

ಮರುದಿನ ಬೆಳಿಗ್ಗೆ ಆಕೆ ಟಾರ್ಚು ಹಿಡಿದು ತಾತನ ಮೇಜಿನ ಅಡಿಗೆ ತೆವಳಿದಳು. ಮೊಣಕಾಲಿಗೆ ಒಣಗಿದ ರಕ್ತ ಚುಚ್ಚಿತು. ಮೇಜಿನ ಮೇಲೆ ಆಟ, ಅಡಿಯಲ್ಲಿ ತಪಸ್ಸು. ಬಣ್ಣ ಬಣ್ಣದ ವೈರುಗಳು, ಜಡೆ ಹೆಣೆದ ಹಾಗೆ ದಾರ ಸುತ್ತಿ ಕಟ್ಟಿದ್ದು. ಒಂದೂ ಜೋತು ಬಿದ್ದಿರಲಿಲ್ಲ.

ಎರಡನ್ನು ಬಿಟ್ಟು. ಆ ಎರಡು ನೀಲಿ ವೈರುಗಳು ಕರೆಂಟಿನ ಪೆಟ್ಟಿಗೆಯಿಂದ ಬೀಗದ ಸ್ವಿಚ್ಚನ್ನು ದಾಟಿ, ವೇಗ ಹೆಚ್ಚುಕಡಿಮೆ ಮಾಡುವ ತಿರುಗಣೆಯನ್ನೂ ದಾಟಿ, ನೇರವಾಗಿ ಹಳಿಯ ಎರಡು ಹಿತ್ತಾಳೆ ತಿರುಪಿಗೆ ಸುತ್ತಿಕೊಂಡಿದ್ದವು. ಸುತ್ತಿದ ಕೈ ಪಳಗಿದ ಕೈಯೇ. ಆದರೆ ಅವಸರದ್ದು. ತಂತಿಯ ಹುರಿಯ ಒಳಗೆ ರಕ್ತ ಸಿಕ್ಕಿ ಒಣಗಿತ್ತು. ಬಿಚ್ಚಿ ನೋಡಿದರೆ ತಿರುಪಿನ ಮೇಲೆ ಅರ್ಧ ಹೆಬ್ಬೆರಳಿನ ಗುರುತು.

ಕೆಳಗೆ ಇಳಿದು ಬಂದಾಗ ಅಳಿಯ ಬಾಗಿಲಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಹೆಂಡತಿಯ ಚೀಲ, ಇನ್ನೊಂದು ಕೈಯಲ್ಲಿ ಅವಳ ಆ ಸೊಟ್ಟ ಮಣಿಕಟ್ಟು. ಹೊರಡ್ತೀವಿ ಮೇಡಂ ಅಂದ.

ಗರಗಸಮ್ಮ ಅವನ ಕಡೆ ನೋಡಲೇ ಇಲ್ಲ. ಮಗಳ ಮುಂದೆ ಹೋಗಿ ನಿಂತಳು.

"ಒಂದೇ ಪ್ರಶ್ನೆ ಕಣಮ್ಮ. ನಿನ್ನೆ ರೈಲಿನ ಸದ್ದು ಶುರುವಾದಾಗ ಇವನೆಲ್ಲಿದ್ದ?"

ಬೆಳಿಗ್ಗೆಯಿಂದ ಓಡುತ್ತಲೇ ಇತ್ತು ಅಂತ ಗಂಡ ಬಾಯಿ ಹಾಕಿದ. ಪೇದೆ ಅವನ ಎದೆಗೆ ಲಾಠಿ ಅಡ್ಡ ಇಟ್ಟ. ಮಗಳ ಮಣಿಕಟ್ಟಿನ ಮೇಲೆ ಗಂಡನ ಬೆರಳುಗಳು ಬಿಗಿಯಾದವು. ಅವಳು ನೋವಿಗೆ ಕಣ್ಣು ಮುಚ್ಚಿದಳು, ಆದರೆ ಬಾಯಿ ತೆರೆದಳು.

"ಮೇಲೆ. ಇವರು ಮೇಲೆ ಹೋದಾಗ ಸದ್ದಿರ್ಲಿಲ್ಲ. ಆಮೇಲೆ ಶುರುವಾಯ್ತು, ಅಪ್ಪ ಯಾವತ್ತೂ ಅಷ್ಟು ಜೋರು ಓಡಿಸ್ತಿರ್ಲಿಲ್ಲ. ಇವರು ಇಳಿದು ಬಂದಾಗ ಅಂಗಿ ತೋಳು ಒದ್ದೆ ಇತ್ತು. ಮುಖ ತೊಳ್ಕೊಂಡೆ ಅಂದ್ರು."

ಚೀಲ ಬಿತ್ತು. ಅಳಿಯ ಅವಳ ಕೂದಲು ಹಿಡಿದು ತಲೆಯನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ಎರಡನೇ ಸಲ ಅಪ್ಪಳಿಸುವಷ್ಟರಲ್ಲಿ ಗರಗಸಮ್ಮ ಪೇದೆಯ ಲಾಠಿ ಕಿತ್ತು ಅವನ ಮೊಣಕೈಗೆ ಬಾರಿಸಿದಳು. ಮೂಳೆ ಲಟಕ್ ಅಂದಿತು. ಅವನು ಹಂದಿಯ ಹಾಗೆ ಅರಚುತ್ತಾ ಕುಸಿದ. ಪೇದೆ ಅವನ ಬೆನ್ನ ಮೇಲೆ ಮಂಡಿಯೂರಿ ಕೂತ, ಇವತ್ತು ಕಕ್ಕಲಿಲ್ಲ.

* * *

ಗರಗಸಮ್ಮ ಏದುಸಿರು ಬಿಡುತ್ತಾ ಅವನ ಎದುರು ಕುಕ್ಕರುಗಾಲಲ್ಲಿ ಕೂತು ಎಲ್ಲ ಬಿಡಿಸಿ ಹೇಳಿದಳು.

ಮಗಳನ್ನು ಇನ್ನು ನಿನ್ನ ಮನೆಗೆ ಕಳಿಸುವುದಿಲ್ಲ, ನಾಳೆಯೇ ಪೊಲೀಸರಿಗೆ ದೂರು ಕೊಡುತ್ತೇವೆ ಅಂದಿರಬೇಕು ಮಾವ. ಅಂದು, ಬೆನ್ನು ತಿರುಗಿಸಿ ತನ್ನ ಕೆಲಸಕ್ಕೆ ಮೇಜಿನ ಅಡಿ ಹೋದ. ಹೊರಗೆ ಬರುವಾಗ ನೀನು ಹಳಿಯ ತುಂಡು ಎತ್ತಿದೆ. ಕೊಂದ ಮೇಲೆ ಮಾವ ಬದುಕಿದ್ದಾನೆ ಅಂತ ಹೆಂಡತಿಗೆ ಕೇಳಿಸಬೇಕಿತ್ತು. ಸ್ವಿಚ್ಚಿಗೆ ಬೀಗ. ಕೀ ಹೆಣದ ಜೇಬಿನಲ್ಲೇ ಇದೆ ಅಂತ ನಿನಗೆ ಗೊತ್ತಿಲ್ಲ. ವೈರಿಂಗಿನವನಿಗೆ ಅದೇನು ದೊಡ್ಡದು, ನೇರ ಎಳೆದೆ. ತಿರುಗಣೆಯೇ ಇಲ್ಲದ್ದರಿಂದ ಗಾಡಿ ಪೂರ್ತಿ ವೇಗದಲ್ಲಿ ಓಡಿತು. ಕೆಳಗೆ ಬಂದು ಕೂತು ಡ್ರೈವರಪ್ಪನಿಗೆ ಕಾದೆ, ಅವನು ದಿನಾ ಬರುತ್ತಾನೆ ಅಂತ ಎಲ್ಲರಿಗೂ ಗೊತ್ತು. ಅವನ ದವಡೆ ಒಡೆದಿದ್ದು ಸಿಟ್ಟಿಗಲ್ಲ. ನಿನ್ನ ಮೈಮೇಲೆ ಅಳಿದುಳಿದ ರಕ್ತಕ್ಕೆ ಒಂದು ನೆಪ ಬೇಕಿತ್ತು.

"ಬಲ್ಬಿಗೆ ಯಾವ ವೈರ್ ಯಾವ ಕಡೆ ಕೊಟ್ರೂ ಉರಿಯುತ್ತೆ. ನೀನು ಜೀವಮಾನ ಪೂರ್ತಿ ಮಾಡಿದ್ದು ಅದೇ. ಈ ಗಾಡಿಗೆ ಹಾಗಲ್ಲ ಕಣೋ. ವೈರ್ ಅದಲು ಬದಲಾದ್ರೆ ಹಿಂದಕ್ಕೆ ಓಡುತ್ತೆ. ಕೈಯಾರೆ ಉಲ್ಟಾ ಜೋಡಿಸಿ, ಉಲ್ಟಾ ಓಡೋದನ್ನ ಕಣ್ಣಾರೆ ನೋಡಿನೂ ನಿನಗೆ ತಿಳೀಲಿಲ್ಲ."

ಆ ಮುದುಕರಿಬ್ಬರಲ್ಲಿ ಯಾರ ಕೈ ವೈರು ಮುಟ್ಟಿದ್ದರೂ ಎಂಜಿನ್ನು ಮುಂದಿರುತ್ತಿತ್ತು. ಕೀ ತಾತನ ಜೇಬಿನಲ್ಲಿದ್ದಾಗ ಗಾಡಿ ಹೊರಟಿದೆ ಅಂದ ಮೇಲೆ, ಗಾಡಿ ಹೊರಡುವ ಮೊದಲೇ ತಾತ ಸತ್ತಿದ್ದ. ಆಗ ಮೇಲಿದ್ದವನು ಒಬ್ಬನೇ. ತಿರುಪಿನ ಮೇಲಿನ ಹೆಬ್ಬೆರಳು ಯಾರದು ಅಂತ ಇನ್ನು ಪ್ರಯೋಗಾಲಯದವರು ಹೇಳುತ್ತಾರೆ.

ಅವನು ನೆಲಕ್ಕೆ ಕೆನ್ನೆ ಒತ್ತಿಕೊಂಡೇ ಹೆಂಡತಿಯ ಕಡೆ ನೋಡಿ, ನಿನ್ನಿಂದ ಕಣೇ ನಿಮ್ಮಪ್ಪ ಸತ್ತಿದ್ದು, ಬಾ ಅಂದಾಗಲೇ ಬಂದಿದ್ರೆ ಬದುಕಿರ್ತಿದ್ದ ಅಂದ. ಪೇದೆ ಅವನನ್ನು ಎಳೆದುಕೊಂಡು ಹೋದ.

ಮಗಳು ಹೊಸ್ತಿಲ ಮೇಲೆ ಕೂತಿದ್ದಳು. ಹಣೆಯಿಂದ ರಕ್ತ ಇಳಿದು ಹುಬ್ಬಿನಲ್ಲಿ ನಿಂತಿತ್ತು. ಒರೆಸಿಕೊಳ್ಳಲಿಲ್ಲ. ಆಂಬುಲೆನ್ಸ್ ಬರ್ತಿದೆ, ಹೇಳಿಕೆ ನಾಳೆ ಬರೆದುಕೊಂಡರಾಯಿತು, ಸುಮ್ಮನೆ ಒರಗಿಕೋ ಅಂದಳು ಗರಗಸಮ್ಮ. ನಾಳೆ ಅಂದಿದ್ದಕ್ಕೆ ಅವಳು ಬೇಡ ಅಂತ ತಲೆ ಆಡಿಸಿದಳು.

"ಕೊಲೆದು ಮಾತ್ರ ಹೇಳ್ಬೇಕಾ ಮೇಡಂ? ಮದುವೆಯಾದ ಮೊದಲನೇ ವಾರದಿಂದ ಶುರು ಮಾಡ್ಲಾ?"

ಗರಗಸಮ್ಮ ಟೋಪಿ ತೆಗೆದಿಟ್ಟು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಮಾಡಮ್ಮ. ಕೇಳ್ತಿದೀನಿ."