ಚಿನ್ನಿಯ ಬೆನ್ನ ಮೇಲೆ ಕೂದಲು ಬರುವವರೆಗೆ

ಅಂಗಡಿಯ ನಟ್ಟನಡುವೆ ಕುಕ್ಕರಗಾಲಿನಲ್ಲಿ ಕುಳಿತಿದ್ದ ಆ ಗಂಡಸು ನಾಯಿ ಆಹಾರದ ಪ್ಯಾಕೆಟ್ಟಿನ ಹಿಂಬದಿಯನ್ನು ಓದುತ್ತಿದ್ದ. ಓದುವುದೆಂದರೆ ಮೇಲಿಂದ ಕಣ್ಣಾಡಿಸುವುದಲ್ಲ. ಹೊಲದ ಪತ್ರ ಓದುವವರ ಹಾಗೆ ಸಾಲುಸಾಲಿಗೂ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ. ಎರಡು ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ್ದ. ದೆಹಲಿಯ ವಸಂತ್ ಕುಂಜಿನ ಆ ಪುಟ್ಟ ಅಂಗಡಿಯಲ್ಲಿ ಅವನು ಹಾಗೆ ಕುಳಿತ ಮೇಲೆ ಇನ್ನೊಬ್ಬರು ಹಾಯುವುದಕ್ಕೆ ಜಾಗವೇ ಇರಲಿಲ್ಲ.

ಹರಿಣಿ ಚಿನ್ನಿಯ ಹಗ್ಗ ಹಿಡಿದು ಬಾಗಿಲಲ್ಲೇ ನಿಂತಳು. ಆಗಸ್ಟಿನ ಸೆಕೆಗೆ ದುಪಟ್ಟಾ ಬೆನ್ನಿಗೆ ಅಂಟಿತ್ತು. ಆರ್.ಕೆ. ಪುರಂನ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಅವಳಿಗೆ ಇಂಥ ಕೆಲಸಕ್ಕೆ ಸಿಗುವುದು ಶನಿವಾರವೊಂದೇ.

"ಭಯ್ಯಾ, ಎಲ್ಲಕ್ಕಿಂತ ಅಗ್ಗದ್ದು, ದೊಡ್ಡ ಪ್ಯಾಕೆಟ್," ಎಂದು ಹಿಂದಿಯಲ್ಲಿ ಹೇಳಿ, ಚಿನ್ನಿಯ ಕಿವಿಯ ಹತ್ತಿರ ಬಾಗಿ ಕನ್ನಡದಲ್ಲಿ ಪಿಸುಗುಟ್ಟಿದಳು. "ಸ್ವಲ್ಪ ತಾಳೇ ಚಿನ್ನಿ. ಇವರು ಪರೀಕ್ಷೆಗೆ ಓದ್ತಿದಾರೆ. ಪಾಸಾದ ಮೇಲೆ ದಾರಿ ಬಿಡ್ತಾರೆ."

"ಪಾಸಾಗೋದು ಕಷ್ಟ ಐತ್ರಿ," ಎಂದ ಅವನು, ತಲೆ ಎತ್ತದೆಯೇ. "ಸಿಲೆಬಸ್ ಭಾಳ ಸಣ್ಣ ಅಕ್ಷರದಾಗ ಹಾಕ್ಯಾರ."

ಹರಿಣಿಯ ಮುಖ ಕೆಂಪಾಯಿತು. ಅವನು ಎದ್ದು ನಿಂತ. ಮೂವತ್ತರ ಆಸುಪಾಸು, ಹಣೆಯಲ್ಲಿ ಒಂದು ಗೆರೆ ವಿಭೂತಿ, ಶರ್ಟಿನ ಜೇಬಿನಲ್ಲಿ ಆರಿಂಚಿನ ಉಕ್ಕಿನ ಸ್ಕೇಲು. ಕಣ್ಣು ಮಾತ್ರ ಅವಳನ್ನು ನೋಡಲಿಲ್ಲ. ಅಂಗಡಿಯವನು ಕೆಳಗಿಳಿಸಿದ ದೊಡ್ಡ ಚೀಲವನ್ನು ನೋಡಿತು.

"ಅದನ್ನ ತಗೋಬ್ಯಾಡ್ರಿ. ಒಳಗಿರೋದರಾಗ ಮುಕ್ಕಾಲು ಪಾಲು ಗೋವಿನಜೋಳದ ಹಿಟ್ಟು. ಹೆಚ್ಚಿಗಿದ್ದದ್ದನ್ನ ಮೊದಲು ಬರೀತಾರ, ನೋಡ್ರಿ ಇಲ್ಲಿ. ಮಾಂಸ ಐದನೇ ಸಾಲಿನ್ಯಾಗ ಬರ್ತದ."

"ಆದ್ರೆ ಇದು ಚೆನ್ನಾಗಿ ಕಾಣತ್ತೆ. ಹಸಿರು, ಕಿತ್ತಳೆ…"

"ಬಣ್ಣ ನಿಮಗಂತ ಹಾಕ್ಯಾರ. ನಾಯಿ ಮೂಗಿನಿಂದ ಆರಿಸ್ತದ."

ಅಂಗಡಿಯವನಿಗೆ ಅನುಮಾನ ಬಂತು. "ಏನು ಹೇಳ್ತಿದಾನೆ ಇವನು?"

"ನಿಮ್ಮ ಅಂಗಡಿಯನ್ನ ಹೊಗಳ್ತಿದಾರೆ ಭಯ್ಯಾ," ಎಂದು ಹರಿಣಿ ಹಿಂದಿಯಲ್ಲಿ ಅಂದಾಗ ವಿಭೂತಿಯವನು ಮೊದಲ ಸಲ ಅವಳನ್ನು ನೋಡಿದ. ನೋಡಿದವನು ನಗು ತಡೆಯಲಾರದೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡ. ಆ ತಿರುಗಿಸಿಕೊಂಡ ಕೆನ್ನೆಯ ಗುಳಿಯನ್ನು ಅವಳು ಬೇಕೆಂದೇನೂ ನೋಡಲಿಲ್ಲ. ಕಣ್ಣಿಗೆ ಬಿತ್ತು, ಅಷ್ಟೆ.

ಹೆಸರು ಮಹಂತೇಶ್. ಗದಗದ ಕಡೆಯವನು. ಮಾನೇಸರಿನಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಹೊರಗಿನಿಂದ ಬರುವ ಮಾಲನ್ನು ಪರೀಕ್ಷಿಸಿ ಒಳಗೆ ಬಿಡುವ ಕೆಲಸ. ಕಾರ್ಖಾನೆಯ ಗೇಟಿನಲ್ಲಿ ಎರಡು ನಾಯಿಗಳಿದ್ದವು. ಅವುಗಳ ಊಟಕ್ಕೆ ಶಿಫ್ಟಿನವರೆಲ್ಲ ಸೇರಿ ಕೊಡುತ್ತಿದ್ದರು. ಕೊಳ್ಳುವ ಕೆಲಸ ಮಾತ್ರ ಮಹಿಪಾಲಪುರದಲ್ಲಿ ರೂಮು ಮಾಡಿಕೊಂಡಿದ್ದ ಇವನ ಪಾಲಿಗೆ ಬಂದಿತ್ತು.

"ಎಷ್ಟರಾಗ ಮುಗಿಬೇಕ್ರಿ ನಿಮಗ?"

"ತಿಂಗಳಿಗೆ ನಾನೂರು," ಎಂದಳು. ತಮ್ಮ ಕಾರ್ತಿಕನ ಎಂಜಿನಿಯರಿಂಗ್ ಫೀಸು, ಅಪ್ಪನ ಔಷಧಿ, ಮನೆ ಬಾಡಿಗೆ ಎಲ್ಲ ಕಳೆದು ಉಳಿಯುವುದು ಅಷ್ಟೇ. ಹೇಳುವಾಗ ನಾಚಿಕೆಯಾಯಿತು.

ಅವನಿಗೆ ಅದರಲ್ಲಿ ನಾಚಿಕೆಯ ಸಂಗತಿ ಏನೂ ಕಾಣಲಿಲ್ಲ. ಸ್ಪೆಸಿಫಿಕೇಷನ್ ಸಿಕ್ಕಿದವನ ಹಾಗೆ ತಲೆಯಾಡಿಸಿದ. "ಕಿಲೋಕ್ಕ ಎಷ್ಟು ಅಂತ ಕೇಳಬ್ಯಾಡ್ರಿ, ದಿನಕ್ಕೆಷ್ಟು ಅಂತ ಕೇಳ್ರಿ. ಅಗ್ಗದ್ದು ಎರಡು ಬಟ್ಟಲು ತಿಂದ್ರೂ ಮೈಗೆ ಹತ್ತಂಗಿಲ್ಲ. ಒಳ್ಳೇದು ಅರ್ಧ ಬಟ್ಟಲು ಸಾಕು. ಉಳಿದ ಅರ್ಧ ಮನ್ಯಾಗ ಮಾಡ್ರಿ: ಗೋಧಿ ನುಚ್ಚು, ಹೆಸರುಬ್ಯಾಳಿ, ಕುಂಬಳಕಾಯಿ. ಉಪ್ಪು, ಖಾರ ಬ್ಯಾಡ. ಈಗ ಏನು ಹಾಕ್ತೀರಿ?"

"ಅನ್ನ, ಹುಳಿ."

"ಉಳ್ಳಾಗಡ್ಡಿ ಹಾಕಿದ ಹುಳಿನ?"

ಹರಿಣಿ ಹೌದೆಂದಳು. ಈರುಳ್ಳಿ ನಾಯಿಗೆ ವಿಷವೆಂದು ಅವನಿಂದ ತಿಳಿದ ಮೇಲೆ ಕಣ್ಣಲ್ಲಿ ನೀರು ಬಂತು. ಹಬ್ಬದ ದಿನ ಪ್ರೀತಿಯಿಂದ ಈರುಳ್ಳಿ ಹುಳಿಯನ್ನೇ ಹೆಚ್ಚು ಹಾಕಿದ್ದಳು. ಚಿನ್ನಿ ಬಾಲ ಅಲ್ಲಾಡಿಸುತ್ತ ಅವಳ ಮುಖ ನೋಡಿತು. ಅದರ ಬೆನ್ನ ಮೇಲೆ ಎರಡು ಅಂಗೈ ಅಗಲದ ಬೋಳು.

ಆ ಬೋಳೇ ಎಲ್ಲದಕ್ಕೂ ಮೂಲ. ಮಳೆಗೆ ಹೆದರಿ ಮೆಟ್ಟಿಲ ಕೆಳಗೆ ಬಂದು ಮಲಗಿದ್ದ ಬೀದಿನಾಯಿ ಅದು. ಕಜ್ಜಿಯ ಹುಳಕ್ಕೆ ಔಷಧಿ ಕೊಟ್ಟ ಡಾಕ್ಟರು, "ನನ್ನ ಕೆಲಸ ಮುಗಿಯಿತು, ಇನ್ನು ಕೂದಲು ಬರಿಸುವುದು ಊಟದ ಕೆಲಸ" ಎಂದಿದ್ದರು. ಮನೆ ಮಾಲೀಕರು ದೀಪಾವಳಿಗೆ ಮುಂಚೆ ಬಾಡಿಗೆ ಕರಾರು ಹೊಸದು ಮಾಡಲು ಬರುವವರಿದ್ದರು. ಅಷ್ಟರೊಳಗೆ ಮೈ ಮುಚ್ಚದಿದ್ದರೆ ನಾಯಿ ಶೆಲ್ಟರಿಗೆ ಹೋಗಬೇಕೆಂದು ಅಪ್ಪ ದೇವೇಂದ್ರಪ್ಪ ಖಡಾಖಂಡಿತವಾಗಿ ಹೇಳಿದ್ದರು.

"ವಾರಕ್ಕ ನಾಲ್ಕು ಮೊಟ್ಟಿ ಬೇಯಿಸಿ ಹಾಕ್ರಿ. ಅದಕ್ಕಿಂತ ಅಗ್ಗದ, ಒಳ್ಳೆ ಪ್ರೋಟೀನು ಇಲ್ಲ."

"ಅಯ್ಯೋ, ನಮ್ಮನೇಲಿ ಮೊಟ್ಟೇನಾ! ಅಪ್ಪ ದಿನಾ ಲಿಂಗಪೂಜೆ ಮಾಡೋರು. ಪ್ಯಾಕೆಟ್ಟಿನದು ಬಿಸ್ಕತ್ತಿನ ಥರ ಇರತ್ತೆ, ಒಳಗೇನಿದೆ ಅಂತ ನಾನು ಹೇಳಲ್ಲ, ಅವರು ಕೇಳಲ್ಲ. ಮೊಟ್ಟೆ ಮೊಟ್ಟೆ ಥರಾನೇ ಇರತ್ತಲ್ಲ."

ಮಹಂತೇಶ್ ವಿಭೂತಿಯ ಹಣೆ ಕೆರೆದುಕೊಂಡ. "ನಮ್ಮನ್ಯಾಗೂ ಅದೇ ಕಥೀರಿ. ನಾ ಈ ಜನ್ಮದಾಗ ಮೊಟ್ಟಿ ಮುಟ್ಟಿಲ್ಲ." ಆಮೇಲೆ, ಬೇರೆ ಯಾರೋ ಹೇಳಿದ ಹಾಗೆ ಅವನ ಬಾಯಿಂದ ಬಂತು: "ಬೇಯಿಸ್ಕೊಂಡು ಬರ್ತೀನಿ, ತಗೋರಿ."

*

ಬುಧವಾರ ಸಂಜೆ, ಭಾನುವಾರ ಬೆಳಿಗ್ಗೆ. ಪಾರ್ಕಿನ ಗೇಟಿಗೆ ಬಂದು ಅವನು ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದ. ಅಪ್ಪನಿಗೆ "ಚಿನ್ನೀನ ಸುತ್ತಾಡಿಸ್ಕೊಂಡು ಬರ್ತೀನಿ" ಎಂದು ಹೇಳಿ ಹರಿಣಿ ಇಳಿದು ಬರುತ್ತಿದ್ದಳು. ಹುಡುಗರು ಹುಡುಗಿಯರಿಗೆ ಗುಲಾಬಿ ತರುವುದನ್ನು ಅವಳು ಕಂಡಿದ್ದಳು. ಇವನು ಸ್ಟೀಲ್ ಡಬ್ಬಿಯಲ್ಲಿ ಸಿಪ್ಪೆ ಸುಲಿದ ಎರಡು ಮೊಟ್ಟೆ ತರುತ್ತಿದ್ದ, ಹಬ್ಬದ ಬುತ್ತಿಯಷ್ಟು ಜೋಪಾನವಾಗಿ.

"ಮೂಗಿಗೆ ಕರ್ಚೀಫ್ ಕಟ್ಕೊಂಡು ಬೇಯಿಸ್ತೀನ್ರಿ," ಎಂದ ಮೊದಲ ವಾರ. "ಮನಿ ಮಾಲೀಕ ಹರಿಯಾಣದಾಂವ. ಬಾಗಿಲಾಗ ನಿಂತು, 'ಮೊಟ್ಟೆ ಬೇಯಿಸ್ತಿದೀಯೋ, ಬಾಂಬ್ ಮಾಡ್ತಿದೀಯೋ' ಅಂತ ಕೇಳಿದ."

"ಪಾತ್ರೆ?"

"ಅದಕ್ಕ ಕೆಂಪು ಪೇಂಟ್ ಹಚ್ಚೀನಿ. ನಮ್ಮ ಫ್ಯಾಕ್ಟರಿಯೊಳಗ ರಿಜೆಕ್ಟ್ ಆದ ಮಾಲಿಗೆ ಕೆಂಪು ಡಬ್ಬಿ ಇರ್ತದ, ಒಳ್ಳೇದರ ಜೋಡಿ ಬೆರೀಬಾರದಂತ. ನನ್ನ ಚಹಾದ ಪಾತ್ರಿ ಆ ಕಡೆ, ಚಿನ್ನಿ ಪಾತ್ರಿ ಈ ಕಡೆ."

ಹರಿಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವಾಗ ಅವನು ನೋಡುತ್ತಿರುವುದು ಗೊತ್ತಾಗಿ ನಿಲ್ಲಿಸಹೋದಳು. ಆಗಲಿಲ್ಲ.

ಭಾನುವಾರ ತಪಾಸಣೆಯ ದಿನ. ಚಿನ್ನಿ ತಿಂದು ಮುಗಿಸಿದ ಮೇಲೆ ಹರಿಣಿ ಅದರ ಮುಖ ಹಿಡಿದುಕೊಳ್ಳಬೇಕು. ಅವನು ಉಕ್ಕಿನ ಸ್ಕೇಲಿಟ್ಟು ಬೋಳನ್ನು ಅಳೆದು ಪುಟ್ಟ ಡೈರಿಯಲ್ಲಿ ಬರೆಯಬೇಕು. ಹನ್ನೆರಡು ಸೆಂಟಿಮೀಟರ್. ಹತ್ತೂವರೆ. ಎಂಟು. ನಾಯಿಯ ಬೆನ್ನ ಮೇಲೆ ಬಾಗಿದ ಇಬ್ಬರ ತಲೆಗಳ ನಡುವೆಯೂ ಒಂದು ಅಂತರವಿತ್ತು. ಅದು ಪ್ರತಿ ವಾರ ಎಷ್ಟು ಕಡಿಮೆಯಾಯಿತೆಂದು ಯಾರೂ ಬರೆದುಕೊಳ್ಳಲಿಲ್ಲ.

"ಒಂದು ಮಿಲಿಮೀಟರ್ ಆಕಡೆ ಈಕಡೆ ಆದ್ರೆ ಏನಾಗತ್ತೆ?" ಎಂದು ಕೆಣಕಿದಳು.

"ತಪ್ಪು ರೀಡಿಂಗ್ ಬರೆದ ಕೈ ನಂದಲ್ರಿ. ಆರು ವರ್ಷದಾಗ ಒಂದೂ ಇಲ್ಲ. ಸಪ್ಲೈಯರ್ ಸ್ವೀಟ್ ಬಾಕ್ಸ್ ತಂದ್ರೂ ಇಲ್ಲ, ಮ್ಯಾನೇಜರ್ ಕಣ್ಣು ಬಿಟ್ರೂ ಇಲ್ಲ."

ಅದನ್ನು ಹೇಳುವಾಗ ಅವನ ದನಿಯಲ್ಲಿದ್ದ ಹೆಮ್ಮೆ ಅವಳಿಗೆ ಇಷ್ಟವಾಯಿತು. ಗುಳಿಗಿಂತ ಅದೇ ಹೆಚ್ಚು ಇಷ್ಟವಾಯಿತೇನೋ.

ಅಕ್ಟೋಬರ್ ಬಂತು. ಬೆಳಗಿನ ಗಾಳಿಗೆ ಸಣ್ಣ ಚಳಿಯ ಅಂಚು. ಚಿನ್ನಿಯ ಬೆನ್ನಿನಲ್ಲಿ ಮೊದಲು ಬೂದಿ ಎರಚಿದ ಹಾಗೆ, ಆಮೇಲೆ ವೆಲ್ವೆಟ್ಟಿನ ಹಾಗೆ ಕಂದು ಕೂದಲು ಏಳತೊಡಗಿತು. ಐದು ಸೆಂಟಿಮೀಟರ್. ಮೂರು. ಪ್ರತಿ ಅಳತೆಗೂ ಹರಿಣಿ ಚಪ್ಪಾಳೆ ತಟ್ಟುತ್ತಿದ್ದಳು. ಮನೆಗೆ ಹೋಗುವ ಮೆಟ್ಟಿಲಲ್ಲಿ ಮಾತ್ರ ಕಾಲು ಭಾರವಾಗುತ್ತಿತ್ತು. ಬೋಳು ಮುಚ್ಚಿದ ದಿನ ಮೊಟ್ಟೆಯ ಡಬ್ಬಿಗೆ ಕೆಲಸವಿಲ್ಲ. ಡಬ್ಬಿ ಇಲ್ಲದೆ ಅವನು ಯಾವ ನೆಪಕ್ಕೆ ಬರುತ್ತಾನೆ? ಒಮ್ಮೆಯೂ ಒಂದು ಹೆಚ್ಚಿನ ಮಾತು ಆಡಿದವನಲ್ಲ. ಇವಳೂ ಆಡಿರಲಿಲ್ಲ. ನಾಯಿ ಉಳಿಯಬೇಕು, ಭಾನುವಾರವೂ ಉಳಿಯಬೇಕು. ಎರಡನ್ನೂ ಒಟ್ಟಿಗೆ ಬೇಡಿಕೊಳ್ಳುವುದು ಹೇಗೆಂದು ತಿಳಿಯದೆ ದೇವರ ಮುಂದೆ ಸುಮ್ಮನೆ ಕೈಮುಗಿದು ಬರುತ್ತಿದ್ದಳು.

ಆ ಬುಧವಾರ ಅವನಿಗೆ ಓವರ್‌ಟೈಮ್. ಫೋನಿನಲ್ಲಿ ಕೇಳಿದ, "ಚಿನ್ನಿ ಹ್ಯಾಂಗದಾಳ?"

ಬೋಳು ಬೆರಳಗಲವೂ ಉಳಿದಿರಲಿಲ್ಲ. "ಇನ್ನೂ ಇದೆ," ಎಂದಳು ಹರಿಣಿ. "ಸುಮಾರಾಗೇ ಇದೆ."

ಶನಿವಾರ ಮನೆ ಮಾಲೀಕರು ಬಂದರು. ಚಿನ್ನಿಯ ತಲೆ ಸವರಿ, "ಇದು ಹೊಸ ನಾಯಿಯೇ?" ಎಂದು ಕೇಳಿ, ಚಹಾ ಕುಡಿದು ಕರಾರಿಗೆ ಸಹಿ ಹಾಕಿ ಹೋದರು. ಅಪ್ಪ ಸಂತೋಷದಿಂದ ಕನ್ನಡಕ ಒರೆಸಿಕೊಂಡರು. "ಗೆದ್ದೆ ಬಿಡಮ್ಮ. ಇನ್ನು ಭಾನುವಾರ ಬೆಳಿಗ್ಗೆ ಹಾಯಾಗಿ ಮಲಗು. ಅಷ್ಟು ಬೇಗ ಎದ್ದು ಪಾರ್ಕಿಗೆ ಯಾಕೆ ಹೋಗ್ಬೇಕು?"

ಯಾಕೆ ಹೋಗಬೇಕು. ಹರಿಣಿ ಲೋಟ ತೊಳೆಯುತ್ತ ಇನ್ನೊಮ್ಮೆ ತೊಳೆದಳು, ಮತ್ತೊಮ್ಮೆ ತೊಳೆದಳು.

*

ಭಾನುವಾರ ಮಿಸ್ಡ್ ಕಾಲ್ ಬಂದಾಗ ಅವಳು ಆಗಲೇ ಚಪ್ಪಲಿ ಮೆಟ್ಟಿದ್ದಳು.

ಚಿನ್ನಿ ತಿಂದಿತು. ಮಹಂತೇಶ್ ಸ್ಕೇಲು ತೆಗೆದ. ಹರಿಣಿ ನಾಯಿಯ ಮುಖ ಹಿಡಿದುಕೊಂಡು ಮಣ್ಣನ್ನೇ ನೋಡುತ್ತಿದ್ದಳು. ಇನ್ನೇನು ಹೇಳಿಬಿಡುತ್ತಾನೆ: ಮುಗೀತ್ರಿ, ಆರಾಮಾತು, ಬರ್ತೀನಿ. ಹೇಳಲಿಲ್ಲ. ಬೆನ್ನ ಮೇಲೆ ಸ್ಕೇಲು ಬಹಳ ಹೊತ್ತು ಆಡಿತು. ಕೂದಲನ್ನು ಆ ಕಡೆ ಸರಿಸಿದ, ಈ ಕಡೆ ಸರಿಸಿದ. ಕಡೆಗೆ ಡೈರಿಯಲ್ಲಿ ಏನೋ ಗೀಚಿ ಮುಚ್ಚಿದ.

"ಎಷ್ಟು ಬಂತು?"

"ಐತಿನ್ನೂ. ಎರಡೂವರಿ ಸೆಂಟಿಮೀಟರ್. ಇನ್ನೂ ಒಂದು ತಿಂಗಳ ಮೊಟ್ಟಿ ಬೇಕಾಗ್ತದ."

ಹರಿಣಿ ಚಿನ್ನಿಯ ಬೆನ್ನನ್ನು ನೋಡಿದಳು. ಕುರುಡರು ಕೈಯಾಡಿಸಿದರೂ ಬೋಳು ಸಿಗುತ್ತಿರಲಿಲ್ಲ. ಅವನನ್ನು ನೋಡಿದಳು. ಅವನು ದೂರದಲ್ಲಿ ಹೊಸ ಶಾಪಿಂಗ್ ಮಾಲ್ ಕಟ್ಟುತ್ತಿದ್ದ ಕ್ರೇನನ್ನು, ಅದರಲ್ಲೇನೋ ದೋಷ ಹುಡುಕುವವನಂತೆ, ತದೇಕಚಿತ್ತದಿಂದ ನೋಡುತ್ತಿದ್ದ. ಕಿವಿ ಎರಡೂ ಕೆಂಪಗಾಗಿದ್ದವು.

"ಮಹಂತೇಶ್ ಅವರೇ."

"ಹೇಳ್ರಿ."

"ಇದು ತಪ್ಪು ರೀಡಿಂಗ್."

"ಗೊತ್ತದ್ರಿ."

"ಆರು ವರ್ಷದಲ್ಲಿ ಒಂದೂ ಇಲ್ಲ ಅಂದಿದ್ರಿ."

"ಇರಲಿಲ್ಲ." ಅವನು ಡೈರಿಯನ್ನು ಅಂಗೈಯಲ್ಲಿ ತಿರುಗಿಸಿದ. "ಸರಿ ಬರೆದ್ರ ಮುಂದಿನ ಭಾನುವಾರ ನಾ ಎಲ್ಲಿಗೆ ಹೋಗ್ಲಿ, ಹೇಳ್ರಿ? ರಾತ್ರಿ ಎಲ್ಲಾ ವಿಚಾರ ಮಾಡಿದೆ. ಮಾತಾಡಾಕ ಬರಂಗಿಲ್ಲ ನನಗ. ಅಳಿಯಾಕ ಬರ್ತದ, ಅಷ್ಟ."

ಹರಿಣಿಗೆ ನಗು ಬಂತು. "ಬುಧವಾರ ನಾನೂ ಸುಳ್ಳು ಹೇಳ್ದೆ. ಸುಮಾರಾಗೇ ಇದೆ ಅಂತ."

ಅವನು ಥಟ್ಟನೆ ತಿರುಗಿದ. ಈ ಸಲ ಅವನೂ ಮುಖ ಪಕ್ಕಕ್ಕೆ ತಿರುಗಿಸಲಿಲ್ಲ, ಅವಳೂ ತಿರುಗಿಸಲಿಲ್ಲ. ಇಬ್ಬರ ನಡುವೆ ಕುಳಿತ ಚಿನ್ನಿ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿ, ಇನ್ನು ಮೊಟ್ಟೆ ಬರುವ ಲಕ್ಷಣವಿಲ್ಲವೆಂದು ಆಕಳಿಸಿತು.

"ಬನ್ನಿ," ಎಂದು ಹರಿಣಿ ಎದ್ದಳು.

"ಎಲ್ಲಿಗ್ರಿ?"

"ಮನೆಗೆ. ಮೊಟ್ಟೆ ವಿಷಯವನ್ನೂ ಹೇಳ್ಬೇಕು. ಕದ್ದು ಮಾಡಿದ್ದು ಸಾಕು."

*

ದೇವೇಂದ್ರಪ್ಪನವರು ಪೂಜೆ ಮುಗಿಸಿ ಪೇಪರ್ ಓದುತ್ತಿದ್ದರು. ಹರಿಣಿ ನಿಂತಲ್ಲೇ ಎಲ್ಲ ಹೇಳಿಬಿಟ್ಟಳು: ಅಂಗಡಿ, ಪಾರ್ಕು, ಡಬ್ಬಿ, ವಾರಕ್ಕೆ ನಾಲ್ಕು ಮೊಟ್ಟೆ, ಚಿನ್ನಿ ಉಳಿದದ್ದು ಇವರಿಂದ. ಕಡೆಯ ಸಂಗತಿಯನ್ನು ಮಾತ್ರ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಇಬ್ಬರ ಮುಖದಲ್ಲಿ ಬರೆದಿತ್ತು.

ಅಪ್ಪ ಪೇಪರ್ ಮಡಚಿದರು. ಕನ್ನಡಕದ ಮೇಲಿಂದ ಆ ಹಣೆಯ ವಿಭೂತಿಯನ್ನು ಬಹಳ ಹೊತ್ತು ನೋಡಿದರು.

"ನೀನು ತಿಂತೀಯೇನಪ್ಪಾ?"

"ಇಲ್ರಿ. ಮುಟ್ಟಿದ್ದೂ ಇವಳ… ಇವರ ನಾಯಿಗಂತನ ಮೊದಲು."

"ಮತ್ತೆ ಆ ವಾಸನೆ ಹೇಗೆ ತಡ್ಕೊಂಡೆ?"

"ಮೊದಲ ದಿವಸ ತಡಕೊಳ್ಳಾಕ ಆಗಲಿಲ್ರಿ. ಊಟಾನೂ ಮಾಡಲಿಲ್ಲ. ಬುಧವಾರ ಬಂತು, ಮತ್ತ ಬೇಯಿಸಿದೆ."

ದೇವೇಂದ್ರಪ್ಪನವರು ಮಗಳ ಕಡೆ ತಿರುಗಿದರು. "ನನ್ನ ಹತ್ರ ಮುಚ್ಚಿಟ್ಟದ್ದು ಸರಿಯಲ್ಲಮ್ಮ."

"ತಪ್ಪಾಯ್ತಪ್ಪ."

"ಎರಡು ತಿಂಗಳು!" ಅವರ ದನಿ ಗಡುಸಾಗಿತ್ತು. ಚಿನ್ನಿ ಹೋಗಿ ಅವರ ಪಾದದ ಮೇಲೆ ಗದ್ದವಿಟ್ಟು ಮಲಗಿತು. ಅವರ ಕೈ ತಾನಾಗಿ ಅದರ ಬೆನ್ನಿಗಿಳಿಯಿತು. ಮೆತ್ತನೆಯ ಹೊಸ ಕೂದಲಲ್ಲಿ ಬೆರಳು ಅಲ್ಲೇ ನಿಂತಿತು. "ಹೆಸರೇನಂದೆ, ಮಹಂತೇಶಾ? ಮಹಿಪಾಲಪುರದಿಂದ ಇಲ್ಲಿಗೆ ಡಬ್ಬಿ ಹೊತ್ಕೊಂಡು ಓಡಾಡೋದು ಇನ್ನು ಸಾಕು."

ಹರಿಣಿ ಅಪ್ಪನ ಕಡೆ ಒಂದು ಹೆಜ್ಜೆ ಇಟ್ಟಳು.

"ಹಿಂದಿನ ಬಾಲ್ಕನಿಯಲ್ಲಿ ಹಳೆ ಸೀಮೆಎಣ್ಣೆ ಸ್ಟೌ ಇದೆ. ಬೇಯಿಸೋದಿದ್ರೆ ಅಲ್ಲಿ ಬಂದು ಬೇಯಿಸು. ಒಳಗೆ ತರಕೂಡದು, ಬಾಗಿಲು ಹಾಕಿರಬೇಕು. ತಿಂಡಿ ನಮ್ಮ ಜೊತೆ ತಿನ್ನು. ನಿಮ್ಮ ತಂದೆಯ ಫೋನ್ ನಂಬರ್ ಬರೆದುಕೊಟ್ಟು ಹೋಗು."

ದೀಪಾವಳಿಯ ಮರುದಿನದ ಭಾನುವಾರ. ಬಾಲ್ಕನಿಯ ಬಾಗಿಲು ಹಾಕಿತ್ತು. ಸ್ಟೌ ಮೇಲೆ ನೀರು ಗುಳುಗುಳು ಎನ್ನುತ್ತಿತ್ತು. ಎರಡು ಮೊಟ್ಟೆ ಒಂದನ್ನೊಂದು ಮೆಲ್ಲಗೆ ತಾಗಿ ಸರಿದು ಮತ್ತೆ ತಾಗುತ್ತಿದ್ದವು.

"ಎಷ್ಟು ನಿಮಿಷ ಬೇಕು?" ಎಂದಳು ಹರಿಣಿ, ಕಟಕಟೆಗೆ ಒರಗಿ.

"ಹನ್ನೆರಡ್ರಿ. ಸರಿಯಾಗಿ ಹನ್ನೆರಡು."

"ಇನ್ನೂ 'ರಿ'ನಾ?"

"ಹನ್ನೆರಡು, ಹರಿಣಿ," ಎಂದ ಅವನು. ಆ ಮೂರಕ್ಷರವನ್ನು ಹಾಗೆ, ಒಡೆದೀತೆಂಬಷ್ಟು ಜೋಪಾನವಾಗಿ ಅಂದದ್ದನ್ನು ಅವಳು ಇನ್ನೊಮ್ಮೆ ಕೇಳಬಯಸಿದಳು. ಅವನು ಇನ್ನೊಮ್ಮೆ ಅಂದ.

ಅರ್ಧ ಗಂಟೆಯ ಮೇಲೆ ಬಾಗಿಲಾಚೆಯಿಂದ ದೇವೇಂದ್ರಪ್ಪನವರ ದನಿ ಕೇಳಿತು. "ಏನ್ರಪ್ಪಾ, ಸುಟ್ಟ ವಾಸನೆ! ಪಾತ್ರೇಲಿ ನೀರಿದೆಯೋ ಇಲ್ವೋ?"